ಪಟ್ಟದ ಗೊಂಬೆಗೂ ಒಂದು ಮೆಟ್ಟಿಲು ಕೊಡಿ: ಜಪಾನಿನ ನನ್ನ ವಿಶ್ವವಿದ್ಯಾಲಯಕ್ಕೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಕುಲಪತಿಗಳು ಹಾಗೂ ಅಂತರರಾಷ್ಟ್ರೀಯ ವಿದ್ಯಾರ್ಥಿ ವಿಭಾಗದ ಮುಖ್ಯಸ್ಥರು

ಮಾನ್ಯರೇ,

ನಿಮ್ಮ ವಿಶ್ವವಿದ್ಯಾಲಯದ ಕೃಷಿ ವಿಭಾಗದಲ್ಲಿ ಪಿಎಚ್.ಡಿ. ಮಾಡುತ್ತಿರುವ ಮೈಸೂರಿನ ಹುಡುಗಿ ನಾನು. ಕಳೆದ ತಿಂಗಳಿಗೆ ಎರಡು ವರ್ಷ ತುಂಬಿತು. ಇನ್ನುಳಿದಿರುವುದು ಒಂದೇ ವರ್ಷ. ಈ ಪತ್ರದ ಜಪಾನಿ ಪ್ರತಿಯನ್ನು ನಿಮ್ಮ ಕಚೇರಿಗೆ ಕೈಯಾರೆ ಕೊಟ್ಟು ಬಂದಿದ್ದೇನೆ. ಅದನ್ನೇ ಕನ್ನಡದಲ್ಲಿಯೂ ಬರೆದು ಎಲ್ಲರ ಮುಂದಿಡಲು ಕಾರಣವಿದೆ. ನನ್ನ ಊರಿನ ಕಡೆಯಿಂದ, ಧಾರವಾಡ, ಬೆಂಗಳೂರಿನ ಕಾಲೇಜುಗಳಿಂದ ಕಿರಿಯರು ಸಂದೇಶ ಕಳಿಸುತ್ತಲೇ ಇರುತ್ತಾರೆ. ವಿದ್ಯಾರ್ಥಿವೇತನ, ಭಾಷೆ, ಚಳಿ ಎಲ್ಲವನ್ನೂ ಕೇಳಿ ಮುಗಿದ ಮೇಲೆ ಕೊನೆಗೆ ಒಂದು ಪ್ರಶ್ನೆ ಬರುತ್ತದೆ: “ಅಕ್ಕಾ, ಅಲ್ಲಿಯವರ ಜೊತೆ ಬೆರೆಯಲು ಆಗುತ್ತದೆಯೇ?” ಆ ಪ್ರಶ್ನೆಗೆ ಸುಳ್ಳು ಹೇಳಲು ನನಗೆ ಮನಸ್ಸಿಲ್ಲ, ನಿಜವನ್ನು ನಿಮ್ಮ ಬೆನ್ನ ಹಿಂದೆ ಹೇಳಲೂ ಮನಸ್ಸಿಲ್ಲ. ವಿಶ್ವವಿದ್ಯಾಲಯದ ಹೆಸರನ್ನು ಇಲ್ಲಿ ಬರೆದಿಲ್ಲ. ನಿಮಗೆ ಅದು ಗೊತ್ತಿದೆ. ಬೇರೆ ಊರುಗಳಲ್ಲಿ ಓದುತ್ತಿರುವ ನನ್ನ ಸ್ನೇಹಿತರು ಹೇಳುವುದೂ ಹೆಚ್ಚುಕಡಿಮೆ ಇದೇ ಕಥೆಯಾದ್ದರಿಂದ ಒಂದು ಸಂಸ್ಥೆಯನ್ನು ಎತ್ತಿ ತೋರಿಸುವುದು ನ್ಯಾಯವೂ ಅಲ್ಲ.

ಮೊದಲು ಋಣದ ಮಾತು. ಎರಡು ವರ್ಷದ ಹಿಂದಿನ ಅಕ್ಟೋಬರ್‌ನಲ್ಲಿ ಎರಡು ಸೂಟ್‌ಕೇಸ್ ಹಿಡಿದು ಬಂದಿಳಿದಾಗ, ನೀವು ಗೊತ್ತುಮಾಡಿದ್ದ ಟ್ಯೂಟರ್ ವಿದ್ಯಾರ್ಥಿನಿ ಬಸ್ ನಿಲ್ದಾಣದಲ್ಲಿ ಮಳೆಯಲ್ಲಿ ಕೊಡೆ ಹಿಡಿದು ಕಾದಿದ್ದಳು. ನಗರಸಭೆಯಲ್ಲಿ ವಿಳಾಸ ನೋಂದಣಿ, ಆರೋಗ್ಯ ವಿಮೆ, ಬ್ಯಾಂಕ್ ಖಾತೆ, ಸೈಕಲ್ಲಿನ ನೋಂದಣಿ, ಯಾವ ಕಸ ಯಾವ ದಿನ ಯಾವ ಚೀಲದಲ್ಲಿ ಎಂಬುದು, ಇದನ್ನೆಲ್ಲ ಅವಳು ಮೂರು ದಿನ ನನ್ನ ಜೊತೆ ಅಲೆದು ಕಲಿಸಿದಳು. ನಿಮ್ಮ ಕಚೇರಿಯ ಸಿಬ್ಬಂದಿ ಒಮ್ಮೆಯೂ ನನ್ನ ಮೇಲೆ ಸಿಡುಕಿದ್ದಿಲ್ಲ. ಉಂಡ ಮನೆಯ ಜಂತೆ ಎಣಿಸುವ ಉದ್ದೇಶದಿಂದ ನಾನು ಬರೆಯುತ್ತಿಲ್ಲ. ಈ ಮನೆಯಲ್ಲಿ ಎರಡು ವರ್ಷ ಉಂಡವಳಾದ್ದರಿಂದಲೇ, ಅಡುಗೆಮನೆಯ ಒಳಗೂ ಕರೆಯಿರಿ ಎಂದು ಕೇಳುವ ಸಲುಗೆ ತೆಗೆದುಕೊಳ್ಳುತ್ತಿದ್ದೇನೆ.

ವಿಷಯಕ್ಕೆ ಬರುತ್ತೇನೆ. ಕಳೆದ ಫೆಬ್ರವರಿಯ ಕೊನೆಯ ಗುರುವಾರ ಮಧ್ಯಾಹ್ನ, ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಭವನದಲ್ಲಿ ಹಿನಾ ಮತ್ಸುರಿಯ ಗೊಂಬೆ ನೋಡುವ ಕಾರ್ಯಕ್ರಮವಿತ್ತು. ಹಿನಾ ಮತ್ಸುರಿ ಎಂದರೆ ಮಾರ್ಚ್ 3ರಂದು ಹೆಣ್ಣುಮಕ್ಕಳ ಹೆಸರಿನಲ್ಲಿ ಮಾಡುವ ಗೊಂಬೆ ಹಬ್ಬ ಎಂದಷ್ಟೇ ನನಗೆ ಗೊತ್ತಿತ್ತು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟವಳು ಅಲ್ಲಿಯೇ ನಿಂತೆ. ಏಳು ಮೆಟ್ಟಿಲು. ಮೆಟ್ಟಿಲಿನ ಮೇಲೆ ಕೆಂಪು ಬಟ್ಟೆ. ಎಲ್ಲಕ್ಕಿಂತ ಮೇಲೆ, ಚಿನ್ನದ ಬಣ್ಣದ ಮಡಿಕೆ ಪರದೆಯ ಮುಂದೆ, ಅಕ್ಕಪಕ್ಕದಲ್ಲಿ ಕುಳಿತ ದೊರೆ ಮತ್ತು ದೊರೆಸಾನಿ. ಕೆಳಗೆ ಮೂವರು ಪರಿಚಾರಿಕೆಯರು, ಅವರ ಕೆಳಗೆ ಐವರು ವಾದ್ಯಗಾರರು, ಒಬ್ಬನ ಕೈಯಲ್ಲಿ ಹೆಬ್ಬೆರಳಿನಷ್ಟು ದೊಡ್ಡ ಡೋಲು. ಆಮೇಲೆ ಮಂತ್ರಿಗಳು, ಸೇವಕರು, ಎತ್ತಿನ ಬಂಡಿ, ಪಲ್ಲಕ್ಕಿ, ಪುಟ್ಟ ಪುಟ್ಟ ಪೆಟ್ಟಿಗೆಗಳು. ನನ್ನ ಕಣ್ಣು ತುಂಬಿ ಬಂತು. ಇದು ನಮ್ಮ ಮನೆಯ ನಡುಮನೆ, ನವರಾತ್ರಿಯ ಮೊದಲ ದಿನ.

ಮೈಸೂರಿನ ಕಡೆ ದಸರೆಯಲ್ಲಿ ಮನೆಮನೆಯಲ್ಲಿ ಗೊಂಬೆ ಕೂರಿಸುತ್ತೇವೆ. ಬೆಸ ಸಂಖ್ಯೆಯ ಮೆಟ್ಟಿಲು: ಮೂರು, ಐದು, ಏಳು, ಒಂಬತ್ತು. ಎಲ್ಲಕ್ಕಿಂತ ಮೇಲೆ ಪಟ್ಟದ ಗೊಂಬೆ, ಅಂದರೆ ರಾಜ ಮತ್ತು ರಾಣಿ. ನಮ್ಮಮ್ಮನ ಪಟ್ಟದ ಗೊಂಬೆಗಳು ಅವರ ಮದುವೆಯಲ್ಲಿ ತವರಿನಿಂದ ಬಂದವು. ಕೆಳಗಿನ ಮೆಟ್ಟಿಲುಗಳಲ್ಲಿ ಅಂಬಾರಿ ಹೊತ್ತ ಆನೆಯ ಸಾಲು, ದಶಾವತಾರ, ಮುಂದೆ ಅಕ್ಕಿ ಬೇಳೆಯ ಗುಡ್ಡೆ ಹಾಕಿಕೊಂಡು ಅಂಗಡಿ ಇಟ್ಟ ಶೆಟ್ಟಿ ದಂಪತಿ, ಚನ್ನಪಟ್ಟಣದ ಬಣ್ಣದ ಬುಗುರಿಗಳು. ಸಂಜೆ ಕೇರಿಯ ಮಕ್ಕಳು “ಗೊಂಬೆ ಕೂರಿಸಿದ್ದೀರಾ?” ಎಂದು ಬಾಗಿಲಿಗೆ ಬಂದರೆ ಅವರಿಗೆ ತಿಂಡಿಯ ಬೊಂಬೆ ಬಾಗಿನ.

ಆ ದಿನ ಗೊಂಬೆಗಳನ್ನು ತಂದು ಜೋಡಿಸಿದ್ದವರು ಈ ಊರಿನವರೇ ಆದ ಒಬ್ಬ ಹಿರಿಯ ಮಹಿಳೆ. ಎಂಬತ್ತರ ಆಸುಪಾಸಿನ ಅಜ್ಜಿ. ಬಿಳಿ ಕೈಗವಸು ಹಾಕಿಕೊಂಡು, ಮೃದುವಾದ ಕುಂಚದಿಂದ ಒಂದೊಂದು ಗೊಂಬೆಯ ಮುಖದ ದೂಳನ್ನು ಊದಿದಷ್ಟೇ ಹಗುರವಾಗಿ ಒರೆಸುತ್ತಿದ್ದರು. ಎತ್ತಿಡುವಾಗ ಮುಖಕ್ಕೆ ತೆಳುವಾದ ಕಾಗದ ಸುತ್ತಿಡಬೇಕು, ಬೆರಳು ತಗುಲಬಾರದು ಎಂದು ನನಗೆ ಕಾಗದದ ಒಂದು ಹಾಳೆಯನ್ನೇ ತೋರಿಸಿದರು. ನಮ್ಮಮ್ಮ ಹಳೆಯ ಮೆತ್ತನೆಯ ಪಂಚೆಯ ತುಂಡಿನಲ್ಲಿ ಸುತ್ತುತ್ತಾರೆ ಎಂದು ನನ್ನ ಹರುಕುಮುರುಕು ಜಪಾನಿಯಲ್ಲಿ ಹೇಳಿದೆ. ಅವರ ಕೈ ನಿಂತಿತು. “ನಿಮ್ಮ ದೇಶದಲ್ಲಿಯೂ ಮೆಟ್ಟಿಲಿದೆಯೇ?” ಎಂದು ಕೇಳಿದರು. ಮೊಬೈಲ್ ತೆಗೆದು ನಮ್ಮ ಮನೆಯ ಫೋಟೋ ತೋರಿಸಿದೆ. ಅಜ್ಜಿ ಕನ್ನಡಕ ಮೇಲೆತ್ತಿ, ಪರದೆಯನ್ನು ಮೂಗಿನ ಹತ್ತಿರ ತಂದುಕೊಂಡು, ಮೇಲಿನ ಮೆಟ್ಟಿಲಿನ ಮೇಲೆ ಬೆರಳಿಟ್ಟು, “ಇವರು ಯಾರು?” ಎಂದರು. ರಾಜ, ರಾಣಿ ಎಂದೆ. “ಯಾರು ಕೊಟ್ಟದ್ದು?” ಎಂದರು. ಅಮ್ಮನ ತವರಿನವರು ಎಂದೆ. ಇಲ್ಲಿಯೂ ಮೊಮ್ಮಗಳ ಮೊದಲ ಹಬ್ಬಕ್ಕೆ ತಾಯಿಯ ತವರಿನವರು ಗೊಂಬೆ ಕೊಡುವ ರೂಢಿಯಿದೆಯಂತೆ. ಈ ಗೊಂಬೆಗಳು ಹಾಗೆಯೇ ಬಂದವು ಎಂದು ಹೇಳಲು ಅವರು ಬಾಯಿ ತೆರೆದಿದ್ದರು. ಅಷ್ಟರಲ್ಲಿ ಕಾರ್ಯಕ್ರಮದ ಹೊಣೆ ಹೊತ್ತವರು ಬಂದು, ಬಹಳ ಸೌಜನ್ಯದಿಂದಲೇ, ಮುಂದಿನ ತಂಡ ಕಾಯುತ್ತಿದೆ ಎಂದರು. ಒಂದು ತಂಡಕ್ಕೆ ಇಪ್ಪತ್ತೈದು ನಿಮಿಷ. ಅದರಲ್ಲಿ ಹತ್ತು ನಿಮಿಷ ಪರಿಚಯದ ವಿಡಿಯೋ, ಹತ್ತು ನಿಮಿಷ ಗೊಂಬೆ ಮತ್ತು ಫೋಟೋ, ಐದು ನಿಮಿಷ ಅಭಿಪ್ರಾಯದ ಹಾಳೆ. ಅಜ್ಜಿಯ ಮಾತು ಅರ್ಧಕ್ಕೆ ನಿಂತಿತು. ಅವರ ಹೆಸರನ್ನು ಕೇಳಲೂ ನನಗೆ ಆಗಲಿಲ್ಲ.

ಆ ಅಭಿಪ್ರಾಯದ ಹಾಳೆಯ ಒಂದು ಪ್ರತಿ ಇನ್ನೂ ನನ್ನ ಮೇಜಿನ ಮೇಲಿದೆ. ಆರು ಪ್ರಶ್ನೆಗಳು. ಜಪಾನಿ ಸಂಸ್ಕೃತಿಯ ಬಗ್ಗೆ ನಿಮ್ಮ ತಿಳಿವಳಿಕೆ ಹೆಚ್ಚಿತೇ? ಕಾರ್ಯಕ್ರಮ ಹಿಡಿಸಿತೇ? ಸಮಯ ಸರಿಯಾಗಿತ್ತೇ? ಮತ್ತೆ ಬರುತ್ತೀರಾ? ಸ್ನೇಹಿತರಿಗೆ ಹೇಳುತ್ತೀರಾ? ಈ ಕಾರ್ಯಕ್ರಮದ ಸುದ್ದಿ ನಿಮಗೆ ಹೇಗೆ ತಿಳಿಯಿತು? ನಿಮ್ಮಿಂದ ಯಾರಾದರೂ ಏನನ್ನಾದರೂ ಕೇಳಿ ತಿಳಿದುಕೊಂಡರೇ ಎಂಬ ಪ್ರಶ್ನೆ ಅದರಲ್ಲಿಲ್ಲ. ಎರಡು ವರ್ಷದಲ್ಲಿ ನಾನು ತುಂಬಿದ ಹನ್ನೊಂದು ಹಾಳೆಗಳಲ್ಲಿ ಒಂದರಲ್ಲಿಯೂ ಇರಲಿಲ್ಲ. ಮಾನ್ಯರೇ, ನನ್ನ ದೂರೆಲ್ಲ ಆ ಇಲ್ಲದ ಪ್ರಶ್ನೆಯಲ್ಲಿಯೇ ಇದೆ.

ನೀವು ಈ ಕಾರ್ಯಕ್ರಮಗಳನ್ನು ಕರೆಯುವುದು ‘ಕೋರ್ಯೂ’ ಎಂದು. ನನ್ನ ಭಾಷಾ ತರಗತಿಯ ಶಿಕ್ಷಕಿ ಆ ಪದದ ಎರಡು ಅಕ್ಷರಗಳನ್ನು ಬಿಡಿಸಿ ಹೇಳಿದ್ದರು: ಮೊದಲನೆಯದು ಒಂದನ್ನೊಂದು ಹಾಯುವುದು, ಎರಡನೆಯದು ಹರಿಯುವುದು. ನಾವು ವಿನಿಮಯ ಎನ್ನುತ್ತೇವೆ. ಮನೆಯ ಮಾತಿನಲ್ಲಿ ಕೊಡುವುದು–ಕೊಳ್ಳುವುದು. ಎರಡು ವರ್ಷದಲ್ಲಿ ನಾನು ಚಹಾ ವಿಧಿಗೆ ಹೋಗಿದ್ದೇನೆ, ಯುಕಾತಾ ಎಂಬ ಬೇಸಿಗೆಯ ನಿಲುವಂಗಿ ಉಟ್ಟಿದ್ದೇನೆ, ಕುಂಚದಲ್ಲಿ ಅಕ್ಷರ ಬರೆದಿದ್ದೇನೆ, ಹೊಸ ವರ್ಷಕ್ಕೆ ಒರಳಿನಲ್ಲಿ ಮೋಚಿ ಎಂಬ ಅಂಟಕ್ಕಿಯ ಕಡುಬಿಗೆ ಕುಟ್ಟಿದ್ದೇನೆ, ಜುಲೈಯ ತನಾಬಾತಾ ಹಬ್ಬಕ್ಕೆ ಬಿದಿರಿನ ಕೊಂಬೆಗೆ ಬಣ್ಣದ ಚೀಟಿ ಕಟ್ಟಿದ್ದೇನೆ. ಒಂದೊಂದೂ ಚಂದವೇ. ಎಲ್ಲದರಲ್ಲಿಯೂ ಕೊಡುವ ಕೈ ಒಂದೇ ಕಡೆಯದು. ನಾವು ಬರುತ್ತೇವೆ, ನೋಡುತ್ತೇವೆ, ಚಪ್ಪಾಳೆ ತಟ್ಟುತ್ತೇವೆ, ಹೋಗುತ್ತೇವೆ. ಎರಡು ವರ್ಷದ ಮೇಲೂ ನಾವು ನೆಂಟರೇ. ನೆಂಟರಿಗೆ ಉಪಚಾರವಿದೆ, ಕೆಲಸವಿಲ್ಲ. ಕೆಲಸ ಹಂಚಿಕೊಳ್ಳದವರ ಜೊತೆ ಬಳಕೆ ಬೆಳೆಯುವುದಿಲ್ಲ.

ನನ್ನ ಕಣ್ಣಿಗೆ ಬಿದ್ದ ಇನ್ನಷ್ಟು ಸಂಗತಿಗಳನ್ನು ಹೇಳಬೇಕು. ಚಹಾ ವಿಧಿಯ ದಿನ ತತಾಮಿ ಚಾಪೆಯ ಮೇಲೆ ಮಂಡಿಯೂರಿ ಕುಳಿತಿದ್ದೆವು. ಕೊಟ್ಟ ಸಿಹಿಯ ಒಳಗೆ ಅವರೆಬಣ್ಣದ, ಕಾಳು ರುಬ್ಬಿದ ಹೂರಣ. ಒಬ್ಬಟ್ಟಿನ ಹೂರಣವೇ ಎನ್ನುವಷ್ಟು ಹತ್ತಿರ. ಗುರುಗಳು ಬಟ್ಟಲನ್ನು ಏಕೆ ತಿರುಗಿಸಬೇಕು ಎಂಬುದನ್ನು ವಿವರಿಸುತ್ತಿದ್ದರು. ನಡುವೆ ಛಾಯಾಗ್ರಾಹಕರು ಬಂದು, ಬಟ್ಟಲನ್ನು ಮತ್ತೊಮ್ಮೆ ಎತ್ತಿ ಹಿಡಿದು ಕ್ಯಾಮೆರಾದ ಕಡೆ ನಗಲು ಕೇಳಿದರು. ಅಷ್ಟು ಹೊತ್ತಿಗೆ ಚಹಾ ಮುಗಿದು ಬಟ್ಟಲು ಖಾಲಿಯಾಗಿತ್ತು. ಮುಂದಿನ ವರ್ಷದ ಪರಿಚಯ ಪುಸ್ತಿಕೆಯಲ್ಲಿ ನನ್ನ ಪಕ್ಕದಲ್ಲಿದ್ದ ಕೀನ್ಯಾದ ವಿದ್ಯಾರ್ಥಿಯ ಆ ಚಿತ್ರ ಅರ್ಧ ಪುಟಕ್ಕೆ ಬಂತು. ಅವನನ್ನು ಯಾರೂ ಕೇಳಿರಲಿಲ್ಲ.

ಜಪಾನಿ ವಿದ್ಯಾರ್ಥಿಗಳು ಈ ಕಾರ್ಯಕ್ರಮಗಳಲ್ಲಿ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಒಂದೇ ಬಣ್ಣದ ಟೀ ಶರ್ಟ್ ತೊಟ್ಟ ನಾಲ್ಕೈದು ಸಹಾಯಕರು ಗೋಡೆಗೆ ಒತ್ತಿ ನಿಂತಿರುತ್ತಾರೆ. ಕುರ್ಚಿ ಜೋಡಿಸುವುದು ಅವರು, ಗುಡಿಸುವುದು ಅವರು. ಒಮ್ಮೆ ನಾನು ಪೊರಕೆಗೆ ಕೈ ಹಾಕಿದಾಗ ಒಬ್ಬ ಹುಡುಗ ಗಾಬರಿಯಾಗಿ ಅದನ್ನು ಹಿಂದಕ್ಕೆ ತೆಗೆದುಕೊಂಡ. ಇಬ್ಬರೂ ಸೇರಿ ಆ ಕೋಣೆ ಗುಡಿಸಿದ್ದರೆ ಹತ್ತು ನಿಮಿಷ ಮಾತಾಡುತ್ತಿದ್ದೆವು. ಆ ಹತ್ತು ನಿಮಿಷಕ್ಕೆ ಇಡೀ ಮಧ್ಯಾಹ್ನದ ಕಾರ್ಯಕ್ರಮದಷ್ಟು ಬೆಲೆಯಿತ್ತು ಎಂದು ನಾನು ನಂಬುತ್ತೇನೆ.

ಸಮಯದ ಮಾತೂ ಇದೆ. ವಾರದ ನಡುವಿನ ದಿನ, ಮಧ್ಯಾಹ್ನ ಎರಡರಿಂದ ನಾಲ್ಕು. ಒಂದು ಸೆಮಿಸ್ಟರಿಗೆಂದು ಬಂದವರಿಗೆ ಅದು ಅನುಕೂಲ. ಪ್ರಯೋಗಾಲಯದಲ್ಲಿ ಬೆಳಗ್ಗೆಯಿಂದ ರಾತ್ರಿಯವರೆಗೆ ಇರುವವರಿಗೆ ಆಗದು. ವಿದೇಶಿ ವಿದ್ಯಾರ್ಥಿಗಳ ದುಡಿಮೆಗಿರುವ ವಾರಕ್ಕೆ 28 ಗಂಟೆಯ ಮಿತಿಯೊಳಗೆ ಅಂಗಡಿಯಲ್ಲಿ ದುಡಿದು ಓದುವವರಿಗಂತೂ ಕನಸಿನ ಮಾತು. ಪ್ರಕಟಣೆ ಮೊದಲು ಬರುವುದು ಕಠಿಣ ಜಪಾನಿಯಲ್ಲಿ. ಅದರ ಇಂಗ್ಲಿಷ್ ಬರುವ ಹೊತ್ತಿಗೆ ಇಪ್ಪತ್ತು ಸ್ಥಾನಗಳು ತುಂಬಿರುತ್ತವೆ. ವಿದ್ಯಾರ್ಥಿಗಳ ಹೆಂಡತಿ, ಗಂಡ, ಮಕ್ಕಳಿಗೆ ಪ್ರವೇಶವಿಲ್ಲ. ನನ್ನ ವಸತಿಗೃಹದ ಕೆಳಗಿನ ಮಹಡಿಯಲ್ಲಿ ಢಾಕಾದಿಂದ ಬಂದ ಒಬ್ಬ ಗೃಹಿಣಿ ಇದ್ದಾರೆ. ಗಂಡ ಪ್ರಯೋಗಾಲಯಕ್ಕೆ, ಮಗ ಶಿಶುವಿಹಾರಕ್ಕೆ ಹೋದ ಮೇಲೆ ಇಡೀ ದಿನ ಒಬ್ಬರೇ. ಹಿನಾ ಮತ್ಸುರಿಯ ದಿನ ಅವರು ಭವನದ ಗಾಜಿನ ಬಾಗಿಲಿನ ಹೊರಗೆ ನಿಂತು ಗೊಂಬೆಗಳನ್ನು ನೋಡಿ ಹೋದರು. ಅವರಿಗೆ ವಿದ್ಯಾರ್ಥಿ ಗುರುತಿನ ಚೀಟಿ ಇರಲಿಲ್ಲ. ಈ ಊರಿನ ಜೊತೆ ಬೆರೆಯುವ ಹಂಬಲ ನಮ್ಮೆಲ್ಲರಿಗಿಂತ ಅವರಿಗೇ ಹೆಚ್ಚು.

ಊಟದ ವಿಷಯವನ್ನು ಚಿಕ್ಕದಾಗಿ ಹೇಳುತ್ತೇನೆ. ಮೋಚಿ ಕುಟ್ಟಿದ ದಿನ ಬಿಸಿ ಸಾರು ಇತ್ತು. ಮೀನಿನ ಚಕ್ಕೆಯಿಂದ ಮಾಡಿದ ದಾಶಿ ಎಂಬ ತಿಳಿಕಟ್ಟು ಅದರಲ್ಲಿದ್ದುದರಿಂದ ನಾವು ನಾಲ್ವರು ಸಸ್ಯಾಹಾರಿಗಳು ಬರೀ ಮೋಚಿಗೆ ಹುರಿದ ಸೋಯಾ ಹಿಟ್ಟು ಹಚ್ಚಿಕೊಂಡು ತಿಂದೆವು. ಬೇಸರವಿಲ್ಲ. ಆದರೆ ನಮಗಾಗಿ ಬೇರೆ ದೇಶದ ಅಡುಗೆ ತರಿಸಬೇಕಿರಲಿಲ್ಲ ಎಂಬುದನ್ನು ಹೇಳಲೇಬೇಕು. ನಿಮ್ಮ ಬೌದ್ಧ ಮಠಗಳ ಶೋಜಿನ್ ಎಂಬ ಸಸ್ಯಾಹಾರಿ ಅಡುಗೆಯಲ್ಲಿ ಕೊಂಬು ಎಂಬ ಕಡಲ ಸೊಪ್ಪಿನಿಂದ, ಒಣಗಿದ ಶಿಟಾಕೆ ಅಣಬೆಯಿಂದ ದಾಶಿ ಮಾಡುವ ಪದ್ಧತಿ ಶತಮಾನಗಳಿಂದ ಇದೆ. ಮೊದಲೇ ಒಂದು ಮಾತು ಕೇಳಿದ್ದರೆ ಜಪಾನಿನದೇ ಇನ್ನೊಂದು ರುಚಿಯನ್ನು ಅಂದು ಎಲ್ಲರೂ ಉಣ್ಣಬಹುದಿತ್ತು. ಮುಸ್ಲಿಂ ಗೆಳೆಯರ ವಿಷಯದಲ್ಲಿಯೂ ಹೀಗೆಯೇ. ಮಿರಿನ್‌ ಎಂಬ ಅಡುಗೆಯ ಸಿಹಿರಸದಲ್ಲಿ ಮದ್ಯದ ಅಂಶವಿದೆ ಎಂಬ ಒಂದು ಚೀಟಿ ಸಾಕು.

ಈಗಷ್ಟೇ ಮುಗಿದ ನವೆಂಬರ್‌ನ ವಿಶ್ವವಿದ್ಯಾಲಯದ ಹಬ್ಬದಲ್ಲಿ ಮಾತ್ರ ನಮ್ಮ ಕೈಗೂ ಕೆಲಸ ಸಿಕ್ಕಿತು: ದೇಶಕ್ಕೊಂದು ತಿಂಡಿ ಮಳಿಗೆ. ಚಿತ್ರಾನ್ನ ಮಾಡುತ್ತೇವೆ ಎಂದು ಬರೆದುಕೊಟ್ಟೆವು. ಅನ್ನವೇ ಉಸಿರಾದ ಊರಿನಲ್ಲಿ, ಅನ್ನದಿಂದಲೇ ಇನ್ನೊಂದು ಊರಿನವರು ಏನು ಮಾಡುತ್ತಾರೆ ಎಂದು ತೋರಿಸುವ ಆಸೆ. ಬಂದವರಿಗೆ ಗುರುತು ಸಿಗುವಂತೆ ಕರಿ ಮತ್ತು ನಾನ್ ಆದರೆ ಒಳ್ಳೆಯದು ಎಂಬ ಸಲಹೆ ಬಂತು. ಆಹಾರ ಸುರಕ್ಷತೆಯ ನಿಯಮವಾಗಿದ್ದರೆ ಎರಡನೆಯ ಮಾತಿಲ್ಲದೆ ಒಪ್ಪುತ್ತಿದ್ದೆ. ಕಾರಣ ಅದಲ್ಲ, ಭಾರತ ಎಂದರೆ ಹೀಗಿರುತ್ತದೆ ಎಂಬ ಚಿತ್ರ ಮೊದಲೇ ಸಿದ್ಧವಿತ್ತು. ನಮ್ಮಲ್ಲಿ ಮೂವರು ದಕ್ಷಿಣದವರು. ಮನೆಯಲ್ಲಿ ಯಾವತ್ತೂ ನಾನ್ ತಟ್ಟದವರು, ಅಂದು ಅಂಗಡಿಯಿಂದ ತಂದ ನಾನ್ ಬಿಸಿ ಮಾಡಿ ಹಂಚಿದೆವು. ಬಂದವರು ಹಾಡಿ ಹೊಗಳಿದರು. ಅವರಿಗೆ ಮೊದಲೇ ಗೊತ್ತಿದ್ದುದನ್ನೇ ಕೊಟ್ಟು ಕಳಿಸಿದೆನಲ್ಲ ಎಂದು ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ.

ಹಾಗಾದರೆ ಬೆರೆಯುವುದು ಈ ನೆಲದಲ್ಲಿ ಸಾಧ್ಯವೇ ಇಲ್ಲವೇ? ಸಾಧ್ಯ. ನಾನೇ ಸಾಕ್ಷಿ. ಅದು ನಡೆದದ್ದು ನಿಮ್ಮ ಕಚೇರಿಯ ಯಾವ ಕಾರ್ಯಕ್ರಮ ಪಟ್ಟಿಯಲ್ಲಿಯೂ ಇಲ್ಲದ ಒಂದು ದಿನ.

ಈ ಜೂನ್‌ನಲ್ಲಿ ನಮ್ಮ ವಿಭಾಗದ ಗದ್ದೆಯ ನಾಟಿ. ದೊಡ್ಡ ತಾಕಿನಲ್ಲಿ ಯಂತ್ರ ಓಡುತ್ತದೆ. ಮೂಲೆಯ ಸಣ್ಣ ತಾಕುಗಳನ್ನು ಕೈಯಲ್ಲಿಯೇ ನೆಡುತ್ತಾರೆ. ಆಳು ಕಡಿಮೆಯಾಗಿತ್ತು. ತೋಟದ ಹಿರಿಯ ತಾಂತ್ರಿಕ ಸಹಾಯಕರು ಪ್ರಯೋಗಾಲಯದ ಬಾಗಿಲಿಗೆ ಬಂದು, “ಯಾರಾದರೂ ಬರುತ್ತೀರಾ?” ಎಂದು ಸುಮ್ಮನೆ ಕೇಳಿದರು. ನಮ್ಮ ತಾಯಿಯ ತವರು ಮಂಡ್ಯದ ಕಡೆ, ವಿಶ್ವೇಶ್ವರಯ್ಯ ನಾಲೆಯ ಬಯಲು. ಸಣ್ಣವಳಿದ್ದಾಗ ರಜೆಯಲ್ಲಿ ಅಜ್ಜಿಯ ಹಿಂದೆ ಕೆಸರಿಗಿಳಿದವಳು ನಾನು. ಪ್ಯಾಂಟ್ ಮಡಚಿ ಇಳಿದೆ. ನೀರು ತಣ್ಣಗಿತ್ತು, ಕೆಸರು ಮೀನಖಂಡದವರೆಗೆ. ಎಡಗೈಯಲ್ಲಿ ಸಸಿಯ ಕಂತೆ ಹಿಡಿದು, ಹೆಬ್ಬೆರಳಿನಿಂದ ಬಿಡಿಸಿ ಬಲಗೈಗೆ ಜಾರಿಸಿದ ರೀತಿ ನೋಡಿದವರೇ ಅವರು ತಮ್ಮ ಸಾಲು ಬಿಟ್ಟು ನನ್ನ ಹತ್ತಿರ ಬಂದರು. “ಒಂದು ಗುಣಿಗೆ ಎಷ್ಟು?” ಎಂದರು. “ಎರಡು ಮೂರು” ಎಂದೆ. “ಇಲ್ಲಿ ಮೂರು ನಾಲ್ಕು” ಎಂದರು. ಏಕೆ ಎಂದು ನಾನು ಕೇಳಿದೆ. ಚಳಿಯ ಊರಿನ ಸಸಿಯ ಕಥೆ ಹೇಳಿದರು. ನಿಮ್ಮಲ್ಲಿ ಒಟ್ಲು ಎಷ್ಟು ದಿನದ್ದು ಎಂದು ಅವರು ಕೇಳಿದರು. ಕಾಲುವೆ ನೀರು ಬಿಡುವ ದಿನ ನೋಡಿಕೊಂಡು ಎಂದೆ. ನಾಟಿ ಹಾಕುವಾಗ ನಮ್ಮ ಕಡೆ ಹೆಂಗಸರು ಹಾಡುತ್ತಾರೆ ಎಂದಾಗ ಅವರ ಮುಖ ಅರಳಿತು. ಹಿರೋಶಿಮಾ ಪ್ರಾಂತದ ಮಿಬು ಎಂಬ ಊರಿನಲ್ಲಿ ಹೆಂಗಸರು ಡೋಲಿನ ತಾಳಕ್ಕೆ ಹಾಡುತ್ತ ನಾಟಿ ಮಾಡುವ ಹಬ್ಬವಿದೆ, 2011ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿದೆ ಎಂದರು. ಆಮೇಲೆ ಬದುವಿನ ಮೇಲೆ ಕುಳಿತು ಬುತ್ತಿ ಬಿಚ್ಚಿದೆವು. ಅವರು ನನಗೆ ಹುಣಿಸೆಯಂತೆ ಹುಳಿಯಾದ ಉಮೆಬೋಶಿ ಎಂಬ ಉಪ್ಪುಹಣ್ಣು ಕೊಟ್ಟರು, ನಾನು ಅಮ್ಮ ಕಳಿಸಿದ್ದ ಮಾವಿನ ಮಿಡಿ ಉಪ್ಪಿನಕಾಯಿ ಕೊಟ್ಟೆ. ಕುಯ್ಲಿಗೆ ಕರೆದರು. ಈಗ ದಾರಿಯಲ್ಲಿ ಕಂಡರೆ ಸೈಕಲ್ ನಿಲ್ಲಿಸಿ ಮಾತಾಡುತ್ತಾರೆ. ಎರಡು ವರ್ಷದಲ್ಲಿ ಈ ಊರಿನಲ್ಲಿ ನನ್ನನ್ನು ಹೆಸರು ಹಿಡಿದು ಕೂಗುವ, ವಿಶ್ವವಿದ್ಯಾಲಯದ ಪಾಠಕ್ಕೆ ಸಂಬಂಧಪಡದ ಒಬ್ಬರೇ ವ್ಯಕ್ತಿ ಅವರು.

ಅಂದು ಹಣ ಖರ್ಚಾಗಲಿಲ್ಲ, ಬ್ಯಾನರ್ ಕಟ್ಟಲಿಲ್ಲ. ಒಂದು ಕೆಲಸವಿತ್ತು, ಇಬ್ಬರ ಕೈಗಳೂ ಅದರಲ್ಲಿದ್ದವು, ಇಬ್ಬರೂ ಪ್ರಶ್ನೆ ಕೇಳಿದೆವು.

ಹೊರಗಿನವರ ಕೈಗೆ ಕೆಲಸ ಕೊಡುವುದು ಜಪಾನಿಗೆ ಹೊಸತೇನೂ ಅಲ್ಲ. ಕ್ರಿ.ಶ. 752ರಲ್ಲಿ ನಾರಾದ ತೊದಾಯ್‌ಜಿ ದೇವಾಲಯದ ಮಹಾಬುದ್ಧ ವಿಗ್ರಹಕ್ಕೆ ಕಣ್ಣು ಬರೆಯುವ ದಿನ, ಕುಂಚ ಹಿಡಿಯಲು ಆರಿಸಿದ್ದು ಭಾರತದಿಂದ ಬಂದಿದ್ದ ಬೋಧಿಸೇನ ಎಂಬ ಭಿಕ್ಷುವನ್ನು. ಆ ಕುಂಚಕ್ಕೆ ಉದ್ದನೆಯ ದಾರಗಳನ್ನು ಕಟ್ಟಿ, ನೆರೆದವರೆಲ್ಲ ಆ ದಾರವನ್ನು ಹಿಡಿದಿದ್ದರು. ಕಣ್ಣು ತೆರೆಸಿದ ಪುಣ್ಯ ಎಲ್ಲರಿಗೂ ಸಲ್ಲಲಿ ಎಂದು. ಆ ಕುಂಚವನ್ನೂ ದಾರವನ್ನೂ ಶೋಸೋಇನ್ ಭಂಡಾರದಲ್ಲಿ ಇಂದಿಗೂ ಕಾಪಾಡಿಕೊಂಡು ಬಂದಿದ್ದೀರಿ. ಅಂದು ಬೋಧಿಸೇನನನ್ನು ಸಾಲಿನಲ್ಲಿ ಕೂರಿಸಿ ನೋಡಲು ಹೇಳಿ ಕಳಿಸಿದ್ದರೆ ಈ ಕಥೆ ಇರುತ್ತಿರಲಿಲ್ಲ. ನಮ್ಮ ಕಡೆಯಿಂದಲೂ ಜಪಾನಿಗೆ ಕಲಿಯಲು ಬಂದವರ ಸಾಲು ಹಳೆಯದು. ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು 1898ರಲ್ಲಿಯೇ ಈ ದೇಶಕ್ಕೆ ಬಂದು, ಇಲ್ಲಿಯ ಶಾಲೆ, ಕೈಗಾರಿಕೆಗಳನ್ನು ಕಣ್ಣಾರೆ ಕಂಡು ಹೋದವರು. ಮೈಸೂರಿನ ಮಕ್ಕಳಿಗೆ ಜಪಾನಿನ ಹೆಸರು ಮೊದಲು ಕಿವಿಗೆ ಬೀಳುವುದು ಹಲವು ಬಾರಿ ಅವರ ಕಥೆಯ ಜೊತೆಗೇ.

ಕುಂಚದಲ್ಲಿ ಅಕ್ಷರ ಬರೆಸಿದ ಕಾರ್ಯಕ್ರಮದಲ್ಲಿಯೂ ಇಂಥದೇ ಒಂದು ಬಾಗಿಲು ತೆರೆಯುವುದರಲ್ಲಿತ್ತು. ಗೋಡೆಯ ಮೇಲಿನ ಹಿರಗಾನಾ ಎಂಬ ಜಪಾನಿ ಅಕ್ಷರಗಳ ಪಟ್ಟಿಯಲ್ಲಿ ಆ ಇ ಉ ಎ ಒ, ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ಇದು ನಮ್ಮ ವರ್ಣಮಾಲೆಯ ನಡಿಗೆ. ಬೌದ್ಧ ಭಿಕ್ಷುಗಳು ಸಂಸ್ಕೃತಕ್ಕೆ ಬಳಸುತ್ತಿದ್ದ ಸಿದ್ಧಂ ಲಿಪಿಯ ಅಧ್ಯಯನದಿಂದ ಬಂದ ಕ್ರಮ ಅದು. ಪಕ್ಕದಲ್ಲಿದ್ದ ಜಪಾನಿ ಸಹಾಯಕಿಗೆ ಕನ್ನಡದ ಸಾಲನ್ನು ಬರೆದು ತೋರಿಸಿದಾಗ ಅವಳಿಗೆ ಆದ ಬೆರಗು ನನಗೆ ಮರೆಯದು. ಇಷ್ಟು ವರ್ಷ ಬಾಯಿಪಾಠ ಮಾಡಿದ ಕ್ರಮಕ್ಕೆ ಒಂದು ದಾರಿಯ ಕಥೆ ಇದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲವಂತೆ. ವಿನಿಮಯದ ಲಾಭ ನಮಗಷ್ಟೇ ಎಂದು ತಿಳಿಯಬೇಡಿ. ನಿಮ್ಮ ಮಕ್ಕಳಿಗೂ ಅದು ಸಲ್ಲಬೇಕಾದ ಪಾಲು, ಈಗ ಅವರಿಗೆ ಅದು ಸಿಗುತ್ತಿಲ್ಲ.

ಸರ್ಕಾರದ ಲೆಕ್ಕ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. 1983ರಲ್ಲಿ ಒಂದು ಲಕ್ಷ ವಿದೇಶಿ ವಿದ್ಯಾರ್ಥಿಗಳ ಗುರಿ, 2003ರಲ್ಲಿ ಅದು ಮುಟ್ಟಿತು. 2008ರಲ್ಲಿ ಮೂರು ಲಕ್ಷದ ಗುರಿ. 2019ರ ಮೇ ತಿಂಗಳಿಗೆ 3,12,214. ಕೊರೋನಾ ಕಾಲದಲ್ಲಿ ಕುಸಿದು, 2024ರ ಮೇಗೆ 3,36,708. ಈಗ 2033ಕ್ಕೆ ನಾಲ್ಕು ಲಕ್ಷ ಎಂದು ಹೇಳಲಾಗಿದೆ. ಅಂಕಿ ಏರುವುದು ಸಂತೋಷವೇ. ಆದರೆ ಬಂದವರನ್ನು ಎಣಿಸುವ ಪುಸ್ತಕವಿದೆ, ಬಂದವರಿಗೆ ಊರಿನಲ್ಲಿ ಪರಿಚಯದ ಒಂದು ಮನೆಯಾದರೂ ಇದೆಯೇ ಎಂದು ಕೇಳುವ ಪುಸ್ತಕ ಇಲ್ಲ. ಓಇತಾ ಪ್ರಾಂತದ ಬೆಪ್ಪು ನಗರದಲ್ಲಿ 2000ದಲ್ಲಿ ಶುರುವಾದ ರಿತ್ಸುಮೇಕಾನ್ ಏಷ್ಯಾ ಪೆಸಿಫಿಕ್ ವಿಶ್ವವಿದ್ಯಾಲಯದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ವಿದ್ಯಾರ್ಥಿಗಳು ಹೊರದೇಶದವರು. ಅಲ್ಲಿ ಒಂದೊಂದು ದೇಶ ಅಥವಾ ಪ್ರದೇಶಕ್ಕೆ ಒಂದೊಂದು ವಾರ ಮೀಸಲಿಟ್ಟು, ವಿದ್ಯಾರ್ಥಿಗಳೇ ಅದನ್ನು ಕಟ್ಟುತ್ತಾರೆ. ಆ ದೇಶದವರ ಜೊತೆ ಜಪಾನಿಯರೂ ಬೇರೆಯವರೂ ಸೇರಿ ಕುಣಿತ ಕಲಿತು ವೇದಿಕೆ ಏರುತ್ತಾರೆ. ನಮ್ಮ ಬೆಂಗಳೂರಿನ ಜಪಾನ್ ಹಬ್ಬದಲ್ಲಿಯೂ ಜಪಾನಿ ಕಲಿಯುವ ಕನ್ನಡದ ಮಕ್ಕಳು ಮತ್ತು ಅಲ್ಲಿ ನೆಲೆಸಿರುವ ಜಪಾನಿಯರು ಒಂದೇ ವೇದಿಕೆಯಲ್ಲಿ ಹಾಡುತ್ತಾರೆ. ಆಗದ ಕೆಲಸವನ್ನು ನಾನು ಕೇಳುತ್ತಿಲ್ಲ.

ಕೇಳುವುದು ಇಷ್ಟು. ಕಾರ್ಯಕ್ರಮದ ಯೋಜನೆ ಕಾಗದದ ಮೇಲೆ ಬರುವ ಮೊದಲು ನಮ್ಮನ್ನು ಕರೆಯಿರಿ. ಯೋಜನಾ ಸಮಿತಿಯಲ್ಲಿ ಅರ್ಧ ಜನ ವಿದೇಶಿ ವಿದ್ಯಾರ್ಥಿಗಳಿರಲಿ, ಅವರಲ್ಲಿ ಪಿಎಚ್.ಡಿ. ಮಾಡುವವರೂ ಇರಲಿ. ವರ್ಷಕ್ಕೆ ಹನ್ನೆರಡು ಕಾರ್ಯಕ್ರಮ ಬೇಡ, ನಾಲ್ಕು ಸಾಕು. ಆದರೆ ಒಂದೊಂದೂ ತಿಂಗಳುಗಟ್ಟಲೆ ನಡೆಯುವಂಥದಾಗಲಿ. ನಾಟಿಯಿಂದ ಕುಯ್ಲಿನವರೆಗೆ ಒಂದು ತಾಕು ಗದ್ದೆಯನ್ನು ಜಪಾನಿ ಮತ್ತು ವಿದೇಶಿ ವಿದ್ಯಾರ್ಥಿಗಳ ಜೋಡಿಗಳಿಗೆ ಕೊಡಿ. ಮೋಚಿ ಕುಟ್ಟುವ ಅಕ್ಕಿ ಅಲ್ಲಿಂದಲೇ ಬರಲಿ. ಸಹಾಯಕರ ಟೀ ಶರ್ಟನ್ನು ನಮಗೂ ಕೊಡಿ, ಪೊರಕೆಯನ್ನೂ ಕೊಡಿ. ಶನಿವಾರ ಅಥವಾ ಸಂಜೆ ಮಾಡಿ, ಮನೆಯವರಿಗೂ ಮಕ್ಕಳಿಗೂ ಬಾಗಿಲು ತೆರೆಯಿರಿ. ಪ್ರಕಟಣೆಯನ್ನು ಮೊದಲ ದಿನವೇ ಸುಲಭ ಜಪಾನಿಯಲ್ಲಿ ಹಾಕಿ. 1995ರ ಕೋಬೆ ಭೂಕಂಪದಲ್ಲಿ ವಿದೇಶಿಯರಿಗೆ ಸೂಚನೆಗಳು ಅರ್ಥವಾಗದೆ ಪಟ್ಟ ಪಾಡಿನಿಂದ ಹುಟ್ಟಿದ ‘ಯಸಾಶೀ ನಿಹೊಂಗೊ’, ಅಂದರೆ ಸುಲಭ ಜಪಾನಿ, ನಿಮ್ಮದೇ ದೇಶದ ಪಾಠ. ಆಪತ್ತಿನ ದಿನಕ್ಕೆ ಬೇಕಾದ ಭಾಷೆ ಹಬ್ಬದ ದಿನಕ್ಕೂ ಆದೀತು. ಫೋಟೋ ತೆಗೆಯುವ ಮೊದಲು ಕೇಳಿ, ಅಚ್ಚು ಮಾಡುವ ಮೊದಲು ಇನ್ನೊಮ್ಮೆ ಕೇಳಿ. ಅಭಿಪ್ರಾಯದ ಹಾಳೆಗೆ ಏಳನೆಯ ಪ್ರಶ್ನೆಯೊಂದನ್ನು ಸೇರಿಸಿ: ಇಂದು ನೀವು ಯಾರಿಗೆ ಏನನ್ನು ಹೇಳಿಕೊಟ್ಟಿರಿ? ಅದೇ ಹಾಳೆಯನ್ನು ಜಪಾನಿ ವಿದ್ಯಾರ್ಥಿಗಳಿಗೂ ಕೊಡಿ.

ಕೊನೆಯದಾಗಿ ನನ್ನ ಸ್ವಂತದ ಒಂದು ಬೇಡಿಕೆ. ಮುಂದಿನ ಸೆಪ್ಟೆಂಬರ್‌ಗೆ ನನ್ನ ಅವಧಿ ಮುಗಿಯುತ್ತದೆ. ನಾನು ಇಲ್ಲಿ ಕಾಣುವ ಹಿನಾ ಮತ್ಸುರಿ ಇನ್ನೊಂದೇ. ಈ ದಸರೆ ಮುಗಿದ ಮೇಲೆ ಅಮ್ಮ ತಮ್ಮ ಪಟ್ಟದ ಗೊಂಬೆಗಳನ್ನು ಪೆಟ್ಟಿಗೆಗೆ ಸೇರಿಸಲಿಲ್ಲ. ಹಳೆಯ ಪಂಚೆಯಲ್ಲಿ ಸುತ್ತಿ, ಮೇಲೆ ಹತ್ತಿ ಇಟ್ಟು, ಅಂಚೆಯಲ್ಲಿ ನನಗೆ ಕಳಿಸಿದ್ದಾರೆ. ರಾಣಿಯ ಸೀರೆಯ ಅಂಚು ಒಂದಿಷ್ಟು ಸುಕ್ಕಾಗಿದೆ, ಬೇರೇನೂ ಆಗಿಲ್ಲ. ನನ್ನ ಕೋಣೆಯ ಕಪಾಟಿನ ಮೇಲೆ ಈಗ ಅವು ಕುಳಿತಿವೆ. ಏಳು ಮೆಟ್ಟಿಲುಗಳ ಪಕ್ಕದಲ್ಲಿ ಒಂದು ಸಣ್ಣ ಮೇಜು ಹಾಕಲು ಅನುಮತಿ ಕೊಡಿ. ಬಟ್ಟೆ ನಾನು ತರುತ್ತೇನೆ. ಗೊಂಬೆ ತಂದಿದ್ದ ಆ ಅಜ್ಜಿಯನ್ನು ಈ ಸಲವೂ ಕರೆಯಿರಿ. ಅವರಿಗೆ ಬರಲು ಸಾಧ್ಯವಾದರೆ ಜೋಡಿಸುವ ದಿನವೇ ನನಗೆ ತಿಳಿಸಿ. ಇಡೀ ದಿನ ಬಿಡುವು ಮಾಡಿಕೊಂಡು ಬಂದು ಅವರ ಕೈಗೆ ಒಂದೊಂದೇ ಗೊಂಬೆ ಎತ್ತಿಕೊಡುತ್ತೇನೆ. ಕಳೆದ ಬಾರಿ ಅವರು ಹೇಳಲು ಹೊರಟಿದ್ದ ಮಾತನ್ನು ಪೂರ್ತಿ ಕೇಳಬೇಕಾಗಿದೆ. ಕೆಳಗಿನ ಮಹಡಿಯ ಗೃಹಿಣಿಯೂ ಮಗನನ್ನು ಕರೆದುಕೊಂಡು ಬರುತ್ತಾರೆ. ಅವರಿಗೆ ಬಾಗಿಲು ತೆರೆಯಲು ನಿಮ್ಮ ಸಿಬ್ಬಂದಿಗೆ ಒಂದು ಮಾತು ಹೇಳಿಡಿ.

ನಿಮ್ಮ ಉತ್ತರವನ್ನು ಜನವರಿಯೊಳಗೆ ಎದುರುನೋಡುತ್ತೇನೆ.

ಗೌರವಪೂರ್ವಕ ವಂದನೆಗಳೊಂದಿಗೆ,
ಕೃಷಿ ವಿಭಾಗದ ಪಿಎಚ್.ಡಿ. ವಿದ್ಯಾರ್ಥಿನಿ, ಮೈಸೂರು